ಶುಗರ್‌ಗೆ ಮೆಂತ್ಯ, ಹಾಗಲ, ಮಧುನಾಶಿನಿ: ಹೇಗೆ ತಗೊಳ್ಳೋದು, ಕೆಲಸ ಮಾಡ್ತಿದೆಯಾ ಅಂತ ಹೇಗೆ ನೋಡೋದು

ಮೆಂತ್ಯ ನೆನೆಸಿದ ನೀರನ್ನು ಸೋಸಿ ಕುಡಿದು ಕಾಳನ್ನು ಎಸೆಯುತ್ತಿದ್ದರೆ ನಾಳೆಯಿಂದ ಹಾಗೆ ಮಾಡಬೇಡಿ. ಕೆಲಸಕ್ಕೆ ಬರುವುದು ಬಹುಪಾಲು ಆ ಕಾಳಿನಲ್ಲೇ ಇದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ದಿನಾ ಇದೇ ನಡೆಯುತ್ತದೆ. ರಾತ್ರಿ ಮರೆಯದೆ ನೆನೆಸುತ್ತಾರೆ, ಬೆಳಗ್ಗೆ ಮುಖ ಕಿವುಚಿಕೊಂಡು ಕಹಿ ನೀರು ಕುಡಿಯುತ್ತಾರೆ, ಕಾಳು ಹೂಕುಂಡಕ್ಕೋ ಕಸದ ಬುಟ್ಟಿಗೋ ಹೋಗುತ್ತದೆ. ಮೂರು ತಿಂಗಳ ಮೇಲೆ ಟೆಸ್ಟ್ ಮಾಡಿಸಿದರೆ ಶುಗರ್ ಇದ್ದಲ್ಲೇ ಇರುತ್ತದೆ. ಆಮೇಲೆ ಮೆಂತ್ಯದಿಂದ ಏನೂ ಆಗಲ್ಲ ಅಂತ ಬಿಟ್ಟುಬಿಡುತ್ತಾರೆ, ಇಲ್ಲಾಂದ್ರೆ ಅದಕ್ಕಿಂತ ಜೋರಾದದ್ದು ಅಂತ ಯಾರೋ ಕೊಟ್ಟ ಪುಡಿಗೆ ಕೈ ಹಾಕುತ್ತಾರೆ. ನನಗೆ ನಿಜವಾಗಿಯೂ ಬೇಜಾರಾಗುವುದು ಇಲ್ಲೇ.

ಇದು ಟೈಪ್ 2 ಶುಗರ್ ಇದ್ದು, ಡಾಕ್ಟರ್ ಕೊಟ್ಟ ಮಾತ್ರೆ ತಗೊಳ್ಳುತ್ತಾ, ಜೊತೆಗೆ ಗಿಡಮೂಲಿಕೆಯನ್ನೂ ಬಳಸಬೇಕು ಅನ್ನುವವರಿಗೆ. 'ಬಾರ್ಡರ್‌ನಲ್ಲಿದೆ' ಅನ್ನಿಸಿಕೊಂಡವರಿಗೂ ಹೌದು, ಅಂದರೆ ಖಾಲಿ ಹೊಟ್ಟೆಯಲ್ಲಿ 100ರಿಂದ 125, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಟೆಸ್ಟ್‌ನಲ್ಲಿ 5.7ರಿಂದ 6.4 ಇರುವವರಿಗೆ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಶುಗರ್ ಇದೆ, ಬಾರ್ಡರ್‌ನಲ್ಲಿರುವವರು 13 ಕೋಟಿಗೂ ಮೇಲೆ. ಟೈಪ್ 1 ಇರುವವರು ಮಾತ್ರ ಇಲ್ಲಿರುವ ಯಾವುದನ್ನೂ ಇನ್ಸುಲಿನ್ ಬದಲಿಗೆ ತಗೊಳ್ಳುವ ಹಾಗೇ ಇಲ್ಲ. ಒಂದು ಡೋಸ್ ಕೂಡ ತಪ್ಪಿಸಬಾರದು, ಪ್ರಾಣಕ್ಕೇ ಬರುತ್ತದೆ.

ನನ್ನ ನಿಲುವು ಇಷ್ಟೇ: ಗಿಡವನ್ನೂ ಮಾತ್ರೆಯನ್ನು ನೋಡುವ ಹಾಗೇ ನೋಡಿ. ಎಷ್ಟು ತಗೊಂಡೆ, ಯಾವಾಗ ತಗೊಂಡೆ, ಮೀಟರ್ ಏನು ಹೇಳಿತು. ಗಿಡ ಅಂದಮೇಲೆ ಒಳ್ಳೆಯದೇ ಅನ್ನುವುದೂ ತಪ್ಪು, ಗಿಡ ಅಂದಮೇಲೆ ಮೂಢನಂಬಿಕೆ ಅನ್ನುವುದೂ ತಪ್ಪು.

ಯಾಕೆ ಅಂದರೆ, ನೀವು ನುಂಗುತ್ತಿರುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲ ಹುಡುಕುತ್ತಾ ಹೋದರೆ ಒಂದು ಗಿಡವೇ ಸಿಗುತ್ತದೆ. ಯುರೋಪಿನ ಗಲೀಗಾ ಅನ್ನುವ ಗಿಡ, ನಮ್ಮ ಮೆಂತ್ಯದ ಕುಟುಂಬದ್ದೇ. ಅದರಲ್ಲಿ ಗಲೀಜಿನ್ ಅನ್ನುವ ಅಂಶ ಇದೆ. ಅದು ಶುಗರ್ ಇಳಿಸುತ್ತದೆ, ಆದರೆ ವಿಷವೂ ಹೌದು, ಕುರಿಗಳು ಮೇದರೆ ಸಾಯುತ್ತವೆ. ಅದೇ ಜಾತಿಯ, ಆದರೆ ದೇಹ ತಡೆದುಕೊಳ್ಳುವಂಥ ಅಂಶವನ್ನು ಲ್ಯಾಬ್‌ನಲ್ಲಿ ತಯಾರಿಸಿ, ಎಷ್ಟು ಕೊಡಬೇಕು ಅಂತ ನೋಡಿ, 1957ರಲ್ಲಿ ಫ್ರಾನ್ಸಿನ ಡಾಕ್ಟರ್ ಜ್ಯಾನ್ ಸ್ಟೆರ್ನ್ ರೋಗಿಗಳ ಮೇಲೆ ಕಂಡ ಫಲಿತಾಂಶ ಪ್ರಕಟಿಸಿದರು. ಈಗ ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆಗಳು ಬಂದಿವೆಯಲ್ಲ, ಅವುಗಳ ಹಿಂದೆಯೂ ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಬೇರ್ಪಡಿಸಿದ ಫ್ಲೋರಿಜಿನ್ ಇದೆ. ಗಿಡದಲ್ಲಿ ಔಷಧಿ ಇರುವುದು ನಿಜ. ಪ್ರಶ್ನೆ ಇರುವುದು ಎಷ್ಟು ಅನ್ನುವುದರಲ್ಲಿ.

ಮೊದಲು ಮೆಂತ್ಯ

ಒಂದೇ ಒಂದು ಆರಿಸಿಕೊಳ್ಳಿ ಅಂದರೆ ನಾನು ಮೆಂತ್ಯ ಅನ್ನುತ್ತೇನೆ. ಅಗ್ಗ, ಎಲ್ಲರ ಮನೆಯಲ್ಲೂ ಇದೆ, ತಲೆತಲಾಂತರದಿಂದ ತಿಂದು ಗೊತ್ತಿದೆ. ರಾತ್ರಿ ನೆನೆಸಿದ ಕಾಳನ್ನು ಬೆಳಗ್ಗೆ ಬೆರಳಲ್ಲಿ ಉಜ್ಜಿ ನೋಡಿ. ಲೋಳೆ ಲೋಳೆಯಾಗಿ ಅಂಟುತ್ತದೆ. ಆ ಲೋಳೆಯೇ ಗ್ಯಾಲಕ್ಟೋಮನ್ನಾನ್ ಅನ್ನುವ ಕರಗುವ ನಾರು. ಮೆಂತ್ಯ ಕಾಳಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನಾರೇ ಇದೆ. ಕರುಳಿನಲ್ಲಿ ಈ ಲೋಳೆ ಊಟದ ಜೊತೆ ಬೆರೆತಾಗ ಪಿಷ್ಟ ಸಕ್ಕರೆಯಾಗಿ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಜೊತೆಗೆ 4-ಹೈಡ್ರಾಕ್ಸಿ ಐಸೊಲ್ಯೂಸಿನ್ ಅನ್ನುವ ಅಮೈನೊ ಆಮ್ಲವೂ ಇದೆ, ಸಕ್ಕರೆ ಏರಿದಾಗ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡಿಸಲು ಅದು ನೆರವಾಗುತ್ತದೆ ಅಂತ ಲ್ಯಾಬ್ ಪ್ರಯೋಗಗಳು ತೋರಿಸಿವೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಎಣ್ಣೆ ತೆಗೆದ ಮೆಂತ್ಯ ಪುಡಿಯನ್ನು ದಿನಕ್ಕೆ 100 ಗ್ರಾಂ ಕೊಟ್ಟಿದ್ದರು. ಶುಗರ್ ಚೆನ್ನಾಗಿ ಇಳಿಯಿತು. ಆದರೆ 100 ಗ್ರಾಂ ಅಂದರೆ ಒಂದು ಬಟ್ಟಲು ತುಂಬಾ ಪುಡಿ, ಮನೆಯಲ್ಲಿ ಯಾರಿಂದಲೂ ಆಗದ ಮಾತು. ಅದನ್ನು ಓದಿ ಒಂದು ಚಮಚಕ್ಕೂ ಅಷ್ಟೇ ಫಲ ಬರುತ್ತದೆ ಅಂದುಕೊಳ್ಳಬೇಡಿ. 5ರಿಂದ 10 ಗ್ರಾಂನಲ್ಲೂ ಪ್ರಯೋಗಗಳು ನಡೆದಿವೆ, ಫಲ ಇದೆ, ಸಣ್ಣದು.

ಹೀಗೆ ಶುರುಮಾಡಿ. ಒಂದು ಟೀ ಚಮಚ ಕಾಳು, ಅಂದರೆ ಸುಮಾರು 4 ಗ್ರಾಂ, ರಾತ್ರಿ ಅರ್ಧ ಲೋಟ ನೀರಿನಲ್ಲಿ ನೆನೆಸಿ. ಬೆಳಗ್ಗೆ ತಿಂಡಿಗೆ ಸ್ವಲ್ಪ ಮುಂಚೆ ಕಾಳನ್ನು ಅಗಿದು ತಿಂದು ಆ ನೀರನ್ನೇ ಕುಡಿಯಿರಿ. ಒಂದು ವಾರ ಹೊಟ್ಟೆ ಒಗ್ಗಿದರೆ ರಾತ್ರಿ ಊಟಕ್ಕೂ ಒಂದು ಚಮಚ ಸೇರಿಸಿ. ಕಹಿ ಆಗಲ್ಲ ಅನ್ನುವವರು ಮೊಳಕೆ ಬರಿಸಿ ಕೋಸಂಬರಿಗೆ ಹಾಕಿ, ಇಲ್ಲವೇ ಸಣ್ಣ ಉರಿಯಲ್ಲಿ ಹುರಿದು ಪುಡಿ ಮಾಡಿ ಮಜ್ಜಿಗೆಗೆ ಬೆರೆಸಿ. ದೋಸೆ ಹಿಟ್ಟಿಗೆ ಹಾಕುವ ನಾಲ್ಕು ಕಾಳು ಲೆಕ್ಕಕ್ಕಿಲ್ಲ. ಮೆಂತ್ಯ ಸೊಪ್ಪು ಒಳ್ಳೆಯ ಸೊಪ್ಪೇ, ಆದರೆ ಈ ಲೋಳೆ ಇರುವುದು ಕಾಳಿನಲ್ಲಿ.

ಮೊದಲ ಕೆಲವು ದಿನ ಹೊಟ್ಟೆ ಉಬ್ಬರಿಸಬಹುದು, ಬೆವರಿಗೆ ಮೆಂತ್ಯದ ವಾಸನೆ ಬರಬಹುದು, ಹೆದರಬೇಡಿ. ಒಂದು ವಿಷಯ ಮಾತ್ರ ಗಮನಿಸಿ. ಆ ಲೋಳೆ ಮಾತ್ರೆಗಳನ್ನೂ ನಿಧಾನ ಮಾಡುತ್ತದೆ. ಬೆಳಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ ತಗೊಳ್ಳುವವರು ಮೆಂತ್ಯವನ್ನು ಬೆಳಗ್ಗೆ ಬಿಟ್ಟು ರಾತ್ರಿ ಊಟದ ಮುಂಚೆಗೆ ಇಟ್ಟುಕೊಳ್ಳಿ. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಬಸುರಿಯರು ಅಡುಗೆಗೆ ಹಾಕುವಷ್ಟಕ್ಕೇ ನಿಲ್ಲಿಸಿ.

ಹಾಗಲಕಾಯಿ, ಮತ್ತೆ ಪಾರ್ಕ್ ಗೇಟಿನ ಜ್ಯೂಸ್

ಹಾಗಲದಲ್ಲಿ ಚರಾಂಟಿನ್, ಪಾಲಿಪೆಪ್ಟೈಡ್-ಪಿ, ವೈಸಿನ್ ಅನ್ನುವ ಅಂಶಗಳಿವೆ. ಲ್ಯಾಬ್‌ನಲ್ಲಿ, ಇಲಿಗಳ ಮೇಲೆ ಒಳ್ಳೆಯ ಫಲಿತಾಂಶ ಬಂದಿದೆ. ಮನುಷ್ಯರ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ, ಕಾಕ್ರೇನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ 2012ರ ವಿಮರ್ಶೆ ಮಾತ್ರ, ಶುಗರ್‌ಗೆ ಇದನ್ನು ಔಷಧಿ ಅಂತ ಹೇಳುವಷ್ಟು ಪುರಾವೆ ಸಾಲದು ಅಂತ ಹೇಳಿತು. ಹಾಗಂತ ಹಾಗಲಕಾಯಿ ಬಿಡಬೇಕಾಗಿಲ್ಲ. ಪಲ್ಯ ಮಾಡಿ, ವಾರಕ್ಕೆ ಎರಡು ಮೂರು ಸಲ ತಿನ್ನಿ, ಅನ್ನ ಸ್ವಲ್ಪ ಕಮ್ಮಿ ಬಡಿಸಿಕೊಂಡು ಪಲ್ಯ ಜಾಸ್ತಿ ಹಾಕಿಕೊಂಡರೆ ಅದರಿಂದಲೇ ಅರ್ಧ ಲಾಭ. ಗೊಜ್ಜು ಮಾಡುವುದಾದರೆ ಬೆಲ್ಲದ ಅಚ್ಚಿನ ಮೇಲೆ ಕಣ್ಣಿರಲಿ. ಕಹಿ ಮುರಿಯಲಿ ಅಂತ ನಿಂಬೆಹಣ್ಣಿನ ಗಾತ್ರದ ಬೆಲ್ಲ ಹಾಕಿ, ಶುಗರ್‌ಗೆ ಒಳ್ಳೆಯದು ಅಂತ ಎರಡೆರಡು ಸಲ ಬಡಿಸಿಕೊಂಡರೆ ಮೀಟರ್‌ನಲ್ಲಿ ಕಾಣುವುದು ಬೆಲ್ಲವೇ.

ಜ್ಯೂಸ್ ವಿಷಯ ಬೇರೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಹತ್ತಿರ ಬೆಳಗ್ಗೆ ವಾಕಿಂಗ್ ಮುಗಿಸಿ ಬರುವವರಿಗೆ ಹಾಗಲ, ಸೋರೆ, ನೆಲ್ಲಿ, ಬೇವು ಅಂತ ಸಾಲಾಗಿ ಇಟ್ಟು ಮಾರುತ್ತಾರೆ. ಹಾಗಲ ಮತ್ತು ಸೋರೆ ಬೆರೆಸಿದ ಜ್ಯೂಸ್ ದಯವಿಟ್ಟು ಕುಡಿಯಬೇಡಿ. ಸೋರೆಕಾಯಿ ಒಮ್ಮೊಮ್ಮೆ ಕಹಿಯಾಗಿ ಬರುತ್ತದೆ. ಆ ಕಹಿ ಕುಕುರ್ಬಿಟಾಸಿನ್ ಅನ್ನುವ ವಿಷ. ಕುಡಿದ ಸ್ವಲ್ಪ ಹೊತ್ತಿಗೇ ವಾಂತಿ, ಭೇದಿ, ರಕ್ತವಾಂತಿ, ಬಿಪಿ ಕುಸಿಯುವುದು, ಹೀಗಾಗಿ ನಮ್ಮ ದೇಶದಲ್ಲಿ ಜೀವಗಳೂ ಹೋಗಿವೆ. ಇದನ್ನು ಪರಿಶೀಲಿಸಿದ ಐಸಿಎಂಆರ್ ತಜ್ಞರ ಸಮಿತಿ, ಕಹಿ ಇದ್ದ ಸೋರೆ ಜ್ಯೂಸ್ ಕುಡಿಯಲೇಬಾರದು, ಬೇರೆ ಜ್ಯೂಸ್ ಜೊತೆ ಬೆರೆಸಲೂಬಾರದು ಅಂತ ಹೇಳಿದೆ. ಹಾಗಲದ ಕಹಿಯೊಳಗೆ ಸೋರೆಯ ಕಹಿ ಅಡಗಿಕೊಂಡರೆ ನಾಲಿಗೆಗೆ ಗೊತ್ತೇ ಆಗುವುದಿಲ್ಲವಲ್ಲ. ಮನೆಯಲ್ಲೂ ಸೋರೆ ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ, ಕಹಿ ಇದ್ದರೆ ಪೂರ್ತಿ ಕಾಯಿ ಎಸೆಯಿರಿ.

ಬರೀ ಹಾಗಲದ ಜ್ಯೂಸ್ ಕುಡಿಯಲೇಬೇಕು ಅನ್ನುವವರು ಮನೆಯಲ್ಲೇ ಮಾಡಿ ಕಾಲು ಲೋಟಕ್ಕೆ ನಿಲ್ಲಿಸಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಶುಗರ್ ಕೆಳಗೆ ಬೀಳುವ ಭಯ ಇದೆ. ರಕ್ತಕಣವನ್ನು ಕಾಪಾಡುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಿಗೆ ವೈಸಿನ್‌ನಿಂದ ರಕ್ತಕಣ ಒಡೆಯಬಹುದು, ಅವರಿಗೆ ಬೇಡವೇ ಬೇಡ. ಬಸುರಿಯರಿಗೂ ಬೇಡ.

ಮಧುನಾಶಿನಿ, ನೇರಳೆ, ಹೊನ್ನೆ, ಹಿಪ್ಪುನೇರಳೆ

ಮಧುನಾಶಿನಿ ಎಲೆ ಸಿಕ್ಕರೆ ಒಂದನ್ನು ಚೆನ್ನಾಗಿ ಅಗಿದು, ಬಾಯಿ ಮುಕ್ಕಳಿಸಿ, ನಾಲಿಗೆ ಮೇಲೆ ಸ್ವಲ್ಪ ಸಕ್ಕರೆ ಇಟ್ಟು ನೋಡಿ. ಸಿಹಿ ಇರುವುದೇ ಇಲ್ಲ, ಮರಳು ಅಗಿದ ಹಾಗೆ ಇರುತ್ತದೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗುರುತಿಸುವ ಜಾಗಕ್ಕೆ ಹೋಗಿ ಕೂತಿರುತ್ತವೆ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ರುಚಿ ವಾಪಸ್ ಬರುತ್ತದೆ. ಸಂಜೆ ಕಾಫಿ ಜೊತೆ ಏನಾದರೂ ಸಿಹಿ ಬೇಕೇ ಬೇಕು ಅನ್ನುವವರಿಗೆ ಇದು ತುಂಬಾ ಉಪಯೋಗ. ಮೈಸೂರ್ ಪಾಕ್ ಬಾಯಿಗೆ ಹಾಕಿಕೊಂಡರೂ ಬೇಡ ಅನ್ನಿಸಿಬಿಡುತ್ತದೆ. ಶುಗರ್ ಇಳಿಸುತ್ತದಾ? 1990ರಲ್ಲಿ ಚೆನ್ನೈನಿಂದ ಬಂದ ಒಂದು ಅಧ್ಯಯನದಲ್ಲಿ ಎಲೆಯ ಸಾರವನ್ನು ದಿನಕ್ಕೆ 400 ಮಿಲಿಗ್ರಾಂ, ಮಾತ್ರೆ ಜೊತೆಗೇ, ಒಂದೂವರೆ ವರ್ಷ ಕೊಟ್ಟಾಗ ಇಳಿಯಿತು. ಆದರೆ ಸಾರ ತಗೊಂಡವರು 22 ಜನ ಮಾತ್ರ. ಗಿಡ ಬೇಕಾದರೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳದಲ್ಲಿ ವಿಚಾರಿಸಿ. ಬಳ್ಳಿ, ಗ್ರಿಲ್‌ಗೆ ಹಬ್ಬಿಸಬಹುದು. ಅಗಿದು ನೋಡುವುದೇ ಇದರ ಪರೀಕ್ಷೆ. ಸಿಹಿ ಹೋಗಲಿಲ್ಲ ಅಂದರೆ ಅದು ಮಧುನಾಶಿನಿ ಅಲ್ಲ.

ನೇರಳೆ ಹಣ್ಣು ಜೂನ್, ಜುಲೈನಲ್ಲಿ ತಳ್ಳುಗಾಡಿಗೆ ಬಂದಾಗ ಒಂದು ಹಿಡಿ ಖುಷಿಯಾಗಿ ತಿನ್ನಿ. ಬೀಜದ ಪುಡಿಗೆ ನಮ್ಮಲ್ಲಿ ತುಂಬಾ ಹೆಸರಿದೆ, ಎಲಾಜಿಕ್ ಆಮ್ಲದಂಥ ಅಂಶಗಳೂ ಇವೆ, ಆದರೆ ಮನುಷ್ಯರ ಮೇಲಿನ ಗಟ್ಟಿ ಪುರಾವೆ ಕಮ್ಮಿ. ಬ್ರೆಜಿಲ್‌ನಲ್ಲಿ ನೇರಳೆ ಎಲೆಯ ಚಹಾ ಕೊಟ್ಟು ನೋಡಿದಾಗ ಶುಗರ್ ಇಳಿಯಲೇ ಇಲ್ಲ.

ಹೊನ್ನೆ ಮರದ ಲೋಟ ಗೊತ್ತಲ್ವಾ, ರಾತ್ರಿ ನೀರು ತುಂಬಿಟ್ಟು ಬೆಳಗ್ಗೆ ಕುಡಿಯುವುದು. ನಿಜವಾದ ಹೊನ್ನೆಯಾದರೆ ನೀರು ಟೀ ಬಣ್ಣಕ್ಕೆ ತಿರುಗುತ್ತದೆ, ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಮಿಂಚು ಕಾಣುತ್ತದೆ. ಇದರ ಚೇಗಿನಲ್ಲಿ ಟೆರೋಸ್ಟಿಲ್ಬಿನ್ ಇದೆ. ಐಸಿಎಂಆರ್ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೊಸದಾಗಿ ಶುಗರ್ ಬಂದ 97 ಜನರ ಪೈಕಿ 67 ಜನಕ್ಕೆ 12 ವಾರದಲ್ಲಿ ಹತೋಟಿಗೆ ಬಂತು. ಒಳ್ಳೆಯ ಸುದ್ದಿಯೇ. ಆದರೆ ಅಲ್ಲಿ ಕೊಟ್ಟದ್ದು ದಿನಕ್ಕೆ 2ರಿಂದ 4 ಗ್ರಾಂ ಸಾರ, ಲೋಟದ ನೀರಲ್ಲ. ಹೋಲಿಸಿ ನೋಡಲು ಔಷಧಿ ಇಲ್ಲದ ಇನ್ನೊಂದು ಗುಂಪೂ ಇರಲಿಲ್ಲ. ಲೋಟ ಹಳೆಯದಾಗಿ ನೀರಿಗೆ ಬಣ್ಣ ಬಿಡುವುದು ನಿಂತ ಮೇಲೆ ಅದರಲ್ಲಿ ಕುಡಿದು ಏನೂ ಪ್ರಯೋಜನವಿಲ್ಲ, ದುಡ್ಡು ಕೊಟ್ಟಿದ್ದೀವಿ ಅಂತ ಇಟ್ಟುಕೊಳ್ಳಬೇಡಿ.

ನಮ್ಮ ಪಕ್ಕದಲ್ಲೇ ಇದ್ದೂ ಜನಕ್ಕೆ ಜಾಸ್ತಿ ಗೊತ್ತಿಲ್ಲದ್ದು ಹಿಪ್ಪುನೇರಳೆ. ರಾಮನಗರ, ಕನಕಪುರ, ಶಿಡ್ಲಘಟ್ಟ ಕಡೆ ರೇಷ್ಮೆ ಹುಳುವಿಗೆ ಹಾಕುತ್ತಾರಲ್ಲ, ಅದೇ ಸೊಪ್ಪು. ಅದರಲ್ಲಿರುವ ಡಿಎನ್‌ಜೆ ಅನ್ನುವ ಅಂಶ ಕರುಳಿನಲ್ಲಿ ಪಿಷ್ಟ ಒಡೆಯುವ ಕಿಣ್ವವನ್ನು ತಡೆಯುತ್ತದೆ. ಮಿಗ್ಲಿಟಾಲ್ ಅನ್ನುವ ಶುಗರ್ ಮಾತ್ರೆ ಹುಟ್ಟಿದ್ದೂ ಇದರಿಂದಲೇ. ಊಟದ ನಂತರದ ಏರಿಕೆ ಕಮ್ಮಿಯಾಗುತ್ತದೆ, ಗ್ಯಾಸ್ ಜಾಸ್ತಿಯಾಗುತ್ತದೆ. ವೋಗ್ಲಿಬೋಸ್ ಮಾತ್ರೆ ತಗೊಳ್ಳುತ್ತಿರುವವರಿಗೆ ಇದು ಬೇಕಿಲ್ಲ, ಎರಡರ ಕೆಲಸವೂ ಒಂದೇ.

ಇನ್ನು ಕುಂಡಗಳಲ್ಲಿ ಬೆಳೆಯುವ ಇನ್ಸುಲಿನ್ ಗಿಡ. ಅಮೆರಿಕ ಖಂಡದಿಂದ ಬಂದದ್ದು, ಕಾಂಡದ ಸುತ್ತ ಸುರುಳಿಯಾಗಿ ಎಲೆ, ಹುಳಿ ರುಚಿ. ಇದರಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಇನ್ಸುಲಿನ್ ಒಂದು ಪ್ರೋಟೀನ್, ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತಿತ್ತು, ಅದಕ್ಕೇ ಅಲ್ವಾ ಚುಚ್ಚಿಕೊಳ್ಳುವುದು. ಕೊರೊಸೊಲಿಕ್ ಆಮ್ಲದಂಥ ಅಂಶ ಇದೆ, ಇಲಿಗಳಲ್ಲಿ ಫಲ ಕಂಡಿದೆ. ಹೆಸರು ನೋಡಿ ಇಂಜೆಕ್ಷನ್ ನಿಲ್ಲಿಸಿದವರು ಆಸ್ಪತ್ರೆ ಸೇರುವ ಹಾಗಾಗುತ್ತದೆ.

ಒಂದು ಗಿಡವನ್ನು ನಿಮ್ಮ ಮೇಲೆ ಪರೀಕ್ಷೆ ಮಾಡುವ ಬಗೆ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಒಂದು ಸಲಕ್ಕೆ ಒಂದೇ ಗಿಡ. ಮೆಂತ್ಯ, ಹಾಗಲ, ನೇರಳೆ ಬೀಜ, ಚಕ್ಕೆ ಎಲ್ಲ ಸೇರಿಸಿದ ಪುಡಿ ತಗೊಂಡರೆ ಕೆಲಸ ಮಾಡಿದ್ದು ಯಾವುದು, ತೊಂದರೆ ಕೊಟ್ಟಿದ್ದು ಯಾವುದು ಗೊತ್ತಾಗುವುದೇ ಇಲ್ಲ.

ಗ್ಲುಕೋಮೀಟರ್ ಒಂದು ಇರಲಿ. ಕೈಯನ್ನು ಸೋಪು ಹಾಕಿ ತೊಳೆದು ಒರೆಸಿಕೊಂಡು ಚುಚ್ಚಿ. ಮಾವಿನಹಣ್ಣು ಬಿಡಿಸಿದ ಬೆರಳಿನಲ್ಲಿ ನೋಡಿದರೆ ಹಣ್ಣಿನ ಸಕ್ಕರೆಯೂ ಸೇರಿ ಇಲ್ಲದ ಶುಗರ್ ತೋರಿಸುತ್ತದೆ. ಊಟದ ನಂತರದ ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಲೆಕ್ಕ ಹಾಕಿ, ಕೈ ತೊಳೆದಾಗಿನಿಂದ ಅಲ್ಲ.

ಮೆಂತ್ಯದ ಫಲ ಆಯಾ ಊಟಕ್ಕೇ ಕಾಣುವಂಥದ್ದು, ಹಾಗಾಗಿ ದಿನ ಬಿಟ್ಟು ದಿನ ನೋಡಬಹುದು. ತಿಂಡಿ ಒಂದೇ ಇರಲಿ, ಮೂರು ಇಡ್ಲಿ ಅಂದರೆ ದಿನಾ ಮೂರೇ ಇಡ್ಲಿ, ಅದೇ ಚಟ್ನಿ, ಅದೇ ವಾಕಿಂಗ್, ಅದೇ ಮಾತ್ರೆ. ಒಂದು ದಿನ ಮೆಂತ್ಯ ತಿಂದು, ಇನ್ನೊಂದು ದಿನ ತಿನ್ನದೆ, ಎರಡು ಗಂಟೆ ಬಿಟ್ಟು ನೋಡಿ. ನೋಟ್‌ಬುಕ್‌ನಲ್ಲಿ ಎರಡು ಸಾಲು ಮಾಡಿ ಬರೆದುಕೊಳ್ಳಿ. ಎರಡು ವಾರದಲ್ಲಿ ಎರಡೂ ಸಾಲಿನ ಸರಾಸರಿ ತೆಗೆಯಿರಿ. ಮೀಟರ್‌ಗೆ ಶೇಕಡ 15ರವರೆಗೆ ಹೆಚ್ಚುಕಮ್ಮಿ ತೋರಿಸಲು ಅವಕಾಶ ಇರುತ್ತದೆ, ಅಂದರೆ ನಿಜವಾಗಿ 160 ಇದ್ದರೂ 140 ತೋರಿಸಬಹುದು, 180 ಕೂಡ ತೋರಿಸಬಹುದು. ಒಂದು ದಿನ 10 ಇಳಿಯಿತು ಅಂತ ಹಿಗ್ಗುವುದೂ ಬೇಡ, 10 ಏರಿತು ಅಂತ ಕುಗ್ಗುವುದೂ ಬೇಡ. ಸರಾಸರಿಯಲ್ಲಿ ಸ್ಪಷ್ಟವಾದ ವ್ಯತ್ಯಾಸ ಬಂದರೆ ಅದನ್ನು ನಂಬಿ.

ಮಧುನಾಶಿನಿ, ಹೊನ್ನೆ ಥರದ್ದಕ್ಕೆ ಎರಡು ವಾರ ಸಾಲದು. ಶುರು ಮಾಡುವ ಮುಂಚೆ ಒಂದು ಎಚ್‌ಬಿಎ1ಸಿ, ಮೂರು ತಿಂಗಳಾದ ಮೇಲೆ ಇನ್ನೊಂದು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅಷ್ಟು ದಿನದಲ್ಲಿ ಅದಕ್ಕೆ ಅಂಟಿದ ಸಕ್ಕರೆಯನ್ನೇ ಈ ಟೆಸ್ಟ್ ಅಳೆಯುವುದು. ಅದಕ್ಕೇ ಒಂದು ತಿಂಗಳಿಗೆ ಮಾಡಿಸಿದರೆ ಪೂರ್ತಿ ಚಿತ್ರ ಸಿಗಲ್ಲ. ಇದರ ಜೊತೆ ಲಿವರ್ ಟೆಸ್ಟ್, ಕಿಡ್ನಿಯ ಕ್ರಿಯಾಟಿನಿನ್ ಟೆಸ್ಟ್ ಕೂಡ ಮೊದಲೂ ಆಮೇಲೂ ಮಾಡಿಸಿ.

ಶುಗರ್ ಇಳಿಯಿತು ಅಂತ ಮಾತ್ರೆಯನ್ನು ನೀವೇ ಕಮ್ಮಿ ಮಾಡಬೇಡಿ. ನೋಟ್‌ಬುಕ್ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗಿ. ಬರೆದಿಟ್ಟ ಅಂಕಿ ತೋರಿಸಿದರೆ ಬೈಯುವ ಡಾಕ್ಟರ್ ಕಮ್ಮಿ. ಆಯುರ್ವೇದ ವೈದ್ಯರನ್ನೇ ನೋಡಬೇಕು ಅನ್ನಿಸಿದರೆ ಧನ್ವಂತರಿ ರಸ್ತೆಯಲ್ಲಿ ಜಯಚಾಮರಾಜೇಂದ್ರ ಸರ್ಕಾರಿ ಆಯುರ್ವೇದ ಆಸ್ಪತ್ರೆ ಇದೆ. ಅಲ್ಲಿಯೂ ನಿಮ್ಮ ಇಂಗ್ಲಿಷ್ ಮಾತ್ರೆಗಳ ಚೀಟಿ ತೋರಿಸಿ.

ಮೈ ನಡುಗುವುದು, ಬೆವರುವುದು, ಕಣ್ಣು ಮಂಜಾಗುವುದು ಆದರೆ ತಕ್ಷಣ ನೋಡಿಕೊಳ್ಳಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ನೋಡಿ. ವೋಗ್ಲಿಬೋಸ್ ಅಥವಾ ಹಿಪ್ಪುನೇರಳೆ ತಗೊಳ್ಳುವವರಿಗೆ ಸಕ್ಕರೆ ಒಡೆಯುವುದೇ ನಿಧಾನ, ಅವರು ಗ್ಲುಕೋಸ್ ಪುಡಿಯನ್ನೇ ಮನೆಯಲ್ಲಿ ಇಟ್ಟುಕೊಳ್ಳಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಕೊಳ್ಳುವಾಗ

ಕಾಳು, ಎಲೆ, ಚಕ್ಕೆ ರೂಪದಲ್ಲೇ ಕೊಳ್ಳಿ, ಪುಡಿ ಮನೆಯಲ್ಲಿ ಮಾಡಿಕೊಳ್ಳಿ. ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಡೆಯ ಗ್ರಂಥಿಗೆ ಅಂಗಡಿಗಳಲ್ಲಿ ಇಡಿಯಾಗಿಯೇ ಸಿಗುತ್ತವೆ. ಶುಗರ್‌ಗೆ ಅಂತ ಪುಡಿಗಳಿಗೆ ಹಾಕುವ ದಾಲ್ಚಿನ್ನಿ ಚಕ್ಕೆಯಲ್ಲಿ ಎರಡು ಬಗೆ. ದಪ್ಪಗೆ, ಗಟ್ಟಿಯಾಗಿ, ಒಂದೇ ಪದರ ಸುತ್ತಿಕೊಂಡಿರುವುದು ಕ್ಯಾಸಿಯಾ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಇದೇ. ತೆಳು ಪದರಗಳು ಒಂದರೊಳಗೊಂದು ಸುತ್ತಿಕೊಂಡು, ಕೈಯಲ್ಲಿ ಮುರಿದರೆ ಪುಡಿಯಾಗುವುದು ಸಿಲೋನ್ ಚಕ್ಕೆ. ಕ್ಯಾಸಿಯಾದಲ್ಲಿ ಕೌಮರಿನ್ ಜಾಸ್ತಿ, ಅದು ಲಿವರ್‌ಗೆ ಆಗದು. ದೇಹದ ತೂಕದ ಕೆಜಿಗೆ ದಿನಕ್ಕೆ 0.1 ಮಿಲಿಗ್ರಾಂಗಿಂತ ಜಾಸ್ತಿ ಬೇಡ ಅಂತ ಯುರೋಪಿನವರು ಮಿತಿ ಹಾಕಿದ್ದಾರೆ. ದಿನಾ ಒಂದು ಟೀ ಚಮಚ ಕ್ಯಾಸಿಯಾ ಪುಡಿ ತಿಂದರೆ ಆ ಮಿತಿ ದಾಟಿಬಿಡಬಹುದು. ಪಲಾವ್‌ಗೆ ಹಾಕುವ ತುಂಡಿಗೆ ಈ ಭಯ ಇಲ್ಲ.

'ಶುಗರ್ ಬುಡಸಮೇತ ಗುಣ' ಅಂತ ಗೋಡೆ ಮೇಲೆ, ಆಟೋ ಹಿಂದೆ, ವಾಟ್ಸಾಪ್‌ನಲ್ಲಿ ಬರುವ ಯಾವುದನ್ನೂ ಮುಟ್ಟಬೇಡಿ. ಶುಗರ್ ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವುದೇ 1954ರ ಕಾಯ್ದೆಯ ಪ್ರಕಾರ ಅಪರಾಧ. ಲೇಬಲ್‌ನಲ್ಲಿ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಯಾವ ಗಿಡ ಎಷ್ಟು ಗ್ರಾಂ ಅನ್ನುವುದು ಇಲ್ಲದ ಡಬ್ಬಿ ಮನೆಗೆ ತರಬೇಡಿ. ಒಂದು ಪುಡಿ ತಗೊಂಡ ಎರಡು ಮೂರು ದಿನಕ್ಕೇ ಶುಗರ್ ದಬದಬ ಇಳಿದರೆ ಖುಷಿಪಡಬೇಡಿ, ಅನುಮಾನಪಡಿ. ಗಿಡ ಹಾಗೆ ಕೆಲಸ ಮಾಡುವುದಿಲ್ಲ, ಒಳಗೆ ಗ್ಲಿಬೆನ್‌ಕ್ಲಮೈಡ್ ಥರದ ಮಾತ್ರೆಯನ್ನು ಅರೆದು ಹಾಕಿರಬಹುದು. ಅಮೆರಿಕದ ಬೋಸ್ಟನ್ ಸುತ್ತಮುತ್ತ ಅಂಗಡಿಗಳಲ್ಲಿ ಸಿಕ್ಕ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷೆ ಮಾಡಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು ಅಂತ 2004ರಲ್ಲಿ ವರದಿಯಾಗಿತ್ತು. ಅವು ದಕ್ಷಿಣ ಏಷ್ಯಾದಲ್ಲೇ ತಯಾರಾದವು.

ಅಮೃತಬಳ್ಳಿ ಬಗ್ಗೆಯೂ ಹೇಳಲೇಬೇಕು, ನಮ್ಮ ಬೀದಿಗಳ ಕಾಂಪೌಂಡ್ ಮೇಲೆಲ್ಲ ಹಬ್ಬಿರುತ್ತದೆ, ಕೊರೊನಾ ಕಾಲದಲ್ಲಿ ತುಂಬಾ ಜನ ಕಷಾಯ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ತಗೊಂಡ ಕೆಲವರಲ್ಲಿ ಲಿವರ್ ಹಾಳಾಗಿದ್ದನ್ನು ವರದಿ ಮಾಡಿದರು. ಅದು ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಅಂತ ಆಯುಷ್ ಸಚಿವಾಲಯ ಹೇಳಿತು. ಯಾವುದೇ ಇರಲಿ, ಬೀದಿಯಲ್ಲಿ ಕಿತ್ತದ್ದನ್ನು ಗುರುತು ಹಿಡಿಯಲು ನಮಗೆ ಬರುವುದಿಲ್ಲವಲ್ಲ. ಥೈರಾಯ್ಡ್ ಊತ, ಸಂಧಿವಾತದಂಥ, ದೇಹವೇ ತನ್ನ ಮೇಲೆ ತಿರುಗಿಬೀಳುವ ಕಾಯಿಲೆ ಇರುವವರು ಅಮೃತಬಳ್ಳಿಯ ಹತ್ತಿರವೇ ಹೋಗಬೇಡಿ.

ಯಾವ ಗಿಡ ತಗೊಳ್ಳುವಾಗಲೂ ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಹಸಿವು ಪೂರ್ತಿ ಸತ್ತುಹೋದರೆ ಅವತ್ತೇ ನಿಲ್ಲಿಸಿ ಡಾಕ್ಟರನ್ನು ನೋಡಿ, ಪುಡಿಯ ಪ್ಯಾಕೆಟ್ ಅಥವಾ ಎಲೆಯನ್ನು ಜೊತೆಗೇ ಒಯ್ಯಿರಿ. ಕಿಡ್ನಿ ಟೆಸ್ಟ್‌ನಲ್ಲಿ ಆಗಲೇ ಏರುಪೇರು ಇರುವವರು ಸಾರ, ಪುಡಿ, ಜ್ಯೂಸ್ ಮೂರನ್ನೂ ಬಿಟ್ಟು ಅಡುಗೆಗೆ ಬಳಸುವಷ್ಟರಲ್ಲೇ ಇರಿ. ಕಣ್ಣಿನ ಪೊರೆಯದ್ದಾದರೂ ಸರಿ, ಆಪರೇಷನ್ ದಿನ ಗೊತ್ತಾದ ಕೂಡಲೇ ತಗೊಳ್ಳುತ್ತಿರುವ ಗಿಡಗಳ ಹೆಸರನ್ನೆಲ್ಲ ಅರಿವಳಿಕೆ ಕೊಡುವ ಡಾಕ್ಟರ್‌ಗೆ ಬರೆದು ಕೊಡಿ. ಸಾಮಾನ್ಯವಾಗಿ ಎರಡು ವಾರ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ.